ಮುದ್ದಣನ ನಾಡಿನಲ್ಲಿ ಆಂಗ್ಲಕಾವ್ಯವಾಚನ

ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ಮುದ್ದಣನೆಂಬ ಹೆಸರಿನಿಂದ ಪ್ರಸಿದ್ಧನು. ಆತನ ‘ಶ್ರೀರಾಮಾಶ್ವಮೇಧ’ದಲ್ಲಿ ಮಳೆಗಾಲದೊಂದು ದಿನ ಪತಿಯು ಕಥೆ ಹೇಳತೊಡಗುತ್ತಾನೆ, ಪತ್ನಿಯಾದ ಮನೋರಮೆ ಕೇಳುತ್ತಾಳೆ. ಆಕೆ ಬರಿದೆ ತಲೆದೂಗಲು ಕುಳಿತವಳಲ್ಲ. ಸಂಸ್ಕೃತದ ಭಾರ ಹೆಚ್ಚಾದೊಡನೆ ಕಥೆಯನ್ನು ತಡೆದು, ತನಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಹಟ ಹಿಡಿಯುತ್ತಾಳೆ. ಕೇಳುವವರಿಗೆ ಕವಿಯು ಕೊಟ್ಟ ಈ ಅಧಿಕಾರವೇ ಆ ಗ್ರಂಥದ ಸೊಬಗುಗಳಲ್ಲೊಂದು. ಕಾರ್ಕಳದ ಸೀಮೆಯಲ್ಲಿ ಹುಟ್ಟಿ ಉಡುಪಿಯಲ್ಲಿ ಉಪಾಧ್ಯಾಯನಾಗಿದ್ದ ಆ ಕವಿಯ ನಾಡಿನಲ್ಲಿ, ಆಂಗ್ಲ ಮಹಾಕೃತಿಗಳನ್ನು ಸಂಜೆಯ ಕೂಟಗಳಲ್ಲಿ ಓದಿ ಹೇಳಬಯಸುವವರು ಮೊದಲು ಈ ಮನೋರಮೆಗೆ ಉತ್ತರ ಕೊಡಬೇಕು.

ಮೂಲವನ್ನು ಮಾತ್ರ ಓದಿ ಮುಗಿಸಿದರೆ ಮುಂದಿನ ಸಾಲಿನ ನಾಲ್ವರು ಮೆಚ್ಚುವರು. ಚಾವಡಿಯ ಅಂಚಿನಲ್ಲಿ ಕುಳಿತ ಅಜ್ಜಿಯರೂ ಗೃಹಿಣಿಯರೂ ಸಭೆ ಮುಗಿಯುವುದನ್ನೇ ಕಾಯುವರು. ಅದು ಕಾವ್ಯವಾಚನವಲ್ಲ, ಓದುವವನ ವಿದ್ಯಾಪ್ರದರ್ಶನ. ಮೂಲವನ್ನು ಮುಚ್ಚಿಟ್ಟು ಕಥಾಸಾರವನ್ನಷ್ಟೇ ಹೇಳಿದರೆ ಕಥೆ ತಿಳಿಯುವುದು, ಕವಿಯ ನಾದ ಕಿವಿಗೆ ಬೀಳದು. ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ತಾಳಮದ್ದಳೆಯಲ್ಲಿ ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಹೀಗೆ ಒಂದೇ ಕೃತಿಯನ್ನು ಎರಡು ಕಂಠಗಳಲ್ಲಿ ಕೇಳುವುದು ಉಡುಪಿ, ಕಾಪು, ಕಾರ್ಕಳಗಳ ಜನರಿಗೆ ಹೊಸತಲ್ಲ. ಹತ್ತು ಪಂಕ್ತಿ ಮೂಲ, ಬಳಿಕ ಕನ್ನಡದ ವ್ಯಾಖ್ಯಾನ ಎಂಬ ಕ್ರಮವು ಆಂಗ್ಲಕೃತಿಗೂ ಒಪ್ಪುವುದು.

ಆದರೆ ವ್ಯಾಖ್ಯಾನಕಾರರ ನಿಜವಾದ ಪರೀಕ್ಷೆ ಇಲ್ಲಿಂದಲೇ ಮೊದಲಾಗುತ್ತದೆ. ಷೇಕ್ಸ್‌ಪಿಯರ್ ಮಹಾಕವಿಯ ‘ಕಿಂಗ್ ಲಿಯರ್’ ನಾಟಕವನ್ನು ನೋಡಬಹುದು. ವೃದ್ಧ ರಾಜನು ತನ್ನ ಮೇಲಿನ ಪ್ರೀತಿಯನ್ನು ವರ್ಣಿಸಿರೆಂದು ಮೂವರು ಹೆಣ್ಣುಮಕ್ಕಳನ್ನು ಕೇಳುತ್ತಾನೆ. ಹಿರಿಯರಿಬ್ಬರೂ ಮಾತಿನ ಮಳೆಗರೆದು ರಾಜ್ಯವನ್ನು ಪಡೆಯುತ್ತಾರೆ. ಕಿರಿಯಳಾದ ಕಾರ್ಡೀಲಿಯಾ ಮಿತವಾಗಿ ನುಡಿದು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ತಾಳಮದ್ದಳೆಯ ರೂಢಿಯಲ್ಲಿ ಸತ್ಪಾತ್ರಕ್ಕೆ ವಾಗ್ವೈಭವವೇ ಭೂಷಣ. ಆ ರೂಢಿಯಂತೆ ಕಾರ್ಡೀಲಿಯಾಳ ಬಾಯಲ್ಲಿ ಅರ್ಧ ಗಂಟೆಯ ಪಿತೃಭಕ್ತಿಯನ್ನು ನುಡಿಸಿದರೆ ನಾಟಕದ ಬೇರೇ ಕೀಳುವುದು. ಇಲ್ಲಿ ಮಾತು ವಂಚನೆಯ ಪಕ್ಷದಲ್ಲಿದೆ, ಪ್ರೀತಿ ಮೌನದ ಪಕ್ಷದಲ್ಲಿದೆ. ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದ ಕ್ಷೇಮೇಂದ್ರನ ಮತವು ವ್ಯಾಖ್ಯಾನಕಾರನಿಗೂ ಅನ್ವಯಿಸುತ್ತದೆ. ಎಲ್ಲಿ ಬೆಳೆಸಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನು ಹೆಚ್ಚಾಗಿ ಅರಿತಿರಬೇಕು.

ಮತ್ತೊಂದು ಆಸೆಯನ್ನೂ ಗೆಲ್ಲಬೇಕಾಗಿದೆ. ಮಂಗಳದಿಂದ ಮುಗಿಯುವ ಕಥೆಗೆ ಒಗ್ಗಿದ ಸಭೆಯ ಎದುರು ಕಾರ್ಡೀಲಿಯಾಳ ಮರಣವನ್ನು ಹೇಳಲು ನಾಲಗೆ ಹಿಂಜರಿಯುವುದು ಸಹಜ. ಇಂಗ್ಲೆಂಡಿನವರೂ ಈ ವಿಷಯದಲ್ಲಿ ಸೋತವರೇ. 1681ರಲ್ಲಿ ನೇಹಮ್ ಟೇಟ್ ಎಂಬವನು ನಾಟಕವನ್ನು ತಿದ್ದಿ, ಕಾರ್ಡೀಲಿಯಾಳನ್ನು ಬದುಕಿಸಿ, ಅವಳಿಗೆ ವಿವಾಹವನ್ನೂ ಕೂಡಿಸಿದನು. 1838ರಲ್ಲಿ ಮ್ಯಾಕ್ರೀಡಿ ಎಂಬ ನಟನು ಮೂಲವನ್ನು ಬಹುಮಟ್ಟಿಗೆ ಮರಳಿ ತರುವವರೆಗೆ, ಸುಮಾರು ಒಂದೂವರೆ ಶತಮಾನ, ರಂಗದಲ್ಲಿ ಈ ತಿದ್ದುಪಾಟಿನದೇ ಮೇಲುಗೈ. ಕನ್ನಡದ ಶ್ರೋತೃಗಳಿಗೆ ಇಂತಹ ಸಾಂತ್ವನ ಬೇಕಾಗಿಲ್ಲ. ಕೌರವನ ಪತನವನ್ನು ರನ್ನನಿಂದ ಕೇಳಿದವರು ಅವರು. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ರಚಿಸಿದುದೂ ಇದೇ ಭಾಷೆಯಲ್ಲಿ. ಶೋಕವನ್ನು ರಸವಾಗಿ ಸವಿಯಬಲ್ಲವರಿಗೆ ಸುಳ್ಳು ಸುಖಾಂತವನ್ನು ಬಡಿಸುವುದು ಅವರನ್ನು ಮಕ್ಕಳೆಂದು ಬಗೆದಂತೆ.

ಅರ್ಥ ಹೇಳುವುದೆಂದರೆ ಕಾವ್ಯವನ್ನು ಕುಗ್ಗಿಸುವುದೆಂದು ಶಂಕಿಸುವವರಿಗೆ ಶ್ರೀಕಂಠಯ್ಯನವರೇ ಉತ್ತರವಾಗಿದ್ದಾರೆ. ನ್ಯೂಮನ್ನನು 1833ರಲ್ಲಿ ಬರೆದ ಪ್ರಾರ್ಥನೆಯು ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡಕ್ಕೆ ಬಂದು, ಮೂಲಕವಿಯ ಹೆಸರನ್ನೇ ಅರಿಯದ ಮನೆಗಳಲ್ಲಿಯೂ ಸಂಜೆಯ ಹಾಡಾಯಿತು. ಎಲ್ಲ ಕೃತಿಗಳಿಗೂ ಇಂತಹ ಭಾಗ್ಯ ಒದಗದು. ಒದಗುವವರೆಗೆ ವ್ಯಾಖ್ಯಾನವೇ ಆಂಗ್ಲಕವಿಗೂ ಚಾವಡಿಗೂ ನಡುವಿನ ಸೇತುವೆ.

ಆದಕಾರಣ ಇಂತಹ ಸಂಜೆಯ ಯೋಗ್ಯತೆಯನ್ನು ಓದುವವನ ಉಚ್ಚಾರಣೆಯಿಂದ ಅಳೆಯಲಾಗದು. ಇಂಗ್ಲಿಷ್ ಅರಿಯದ ಅಜ್ಜಿಯೊಬ್ಬಳು ನಡುವೆ ತಡೆದು, “ಆ ಕಿರಿಯ ಮಗಳು ಯಾಕೆ ಸುಮ್ಮನಿದ್ದಳು?” ಎಂದು ಕೇಳಿದರೆ ವಾಚನವು ಸಾರ್ಥಕ. ಆ ಪ್ರಶ್ನೆಗೆ ಎಡೆಯಿಲ್ಲದ ಸಭೆಯಲ್ಲಿ ಷೇಕ್ಸ್‌ಪಿಯರನೂ ಪರದೇಶಿ, ಮುದ್ದಣನೂ ಪರದೇಶಿ.