ಪಕ್ಕವಾದ್ಯದವರ ಹೆಸರು

ಕೊಟ್ಟೂರಿನ ಜಾತ್ರೆಯ ದಿನಗಳಲ್ಲಿ ಗೋಡೆಗಳ ಮೇಲೆ ನಾಟಕದ ಕರಪತ್ರಗಳು ಅಂಟಿರುತ್ತವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳ ಆಟಗಳಿಗೂ ಕರಪತ್ರ ಅಚ್ಚಾಗುವುದುಂಟು. ಅವನ್ನು ನಿಂತು ಓದುವುದು ನನ್ನ ಹಳೆಯ ಚಟ. ರಾಜ, ರಾಣಿ, ಖಳ, ಹಾಸ್ಯ ಎಂದು ಪಾತ್ರಧಾರಿಗಳ ಪಟ್ಟಿ ಮುಗಿದ ಮೇಲೆ, ಹಾರ್ಮೋನಿಯಂ ಮಾಸ್ತರು ಇಂಥವರು, ತಬಲಾ ಇಂಥವರು ಎಂದು ಬೇರೆಯೇ ಸಾಲು. ಹಳ್ಳಿಗಳಲ್ಲಿ ನಾಟಕ ಕಲಿಸಿದವರೂ ಹೆಚ್ಚಾಗಿ ಆ ಮಾಸ್ತರೇ. ಅವರ ಹೆಸರು ಬಿಟ್ಟರೆ ಊರು ಒಪ್ಪುವುದಿಲ್ಲ.

ನನ್ನ ಹುಡುಗತನದಲ್ಲಿ ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕಗಳಲ್ಲಿ ಈ ಮರ್ಯಾದೆ ಕಾಣಲಿಲ್ಲ. ಸಾಹಿತ್ಯ, ಸಂಗೀತ, ಗಾಯಕರು: ಅಲ್ಲಿಗೆ ಮುಗಿಯಿತು. ರೇಡಿಯೋದವರು ಹೇಳುತ್ತಿದ್ದುದೂ ಅಷ್ಟೇ. ಪಲ್ಲವಿ ಮುಗಿದು ಚರಣ ಹತ್ತುವ ನಡುವೆ ಗಿಟಾರನ್ನು ಮೀಟಿದ ಕೈ ಯಾರದೆಂದು ಯಾರೂ ಹೇಳಲಿಲ್ಲ; ನಾವೂ ಕೇಳಲಿಲ್ಲ.

ಎಪ್ಪತ್ತರ ದಶಕದ ಮದರಾಸಿನ ಧ್ವನಿಮುದ್ರಣ ಶಾಲೆಗಳಲ್ಲಿ ಅಂಥದೊಂದು ಕೈ ಇಳಯರಾಜ ಅವರದಾಗಿತ್ತು. 1943ರಲ್ಲಿ ಪಣ್ಣೈಪುರಂ ಎಂಬ ತಮಿಳು ಹಳ್ಳಿಯಲ್ಲಿ ಹುಟ್ಟಿದ ಅವರು ಮೊದಲು ನುಡಿಸಿದ್ದು ನಮ್ಮ ಮಾಸ್ತರುಗಳ ಹಾರ್ಮೋನಿಯಂ ಅನ್ನೇ. ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಡನೆ ಊರೂರು ಸುತ್ತಿದರು. ಮದರಾಸಿಗೆ ಬಂದು ಧನರಾಜ್ ಮಾಸ್ತರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಯನ್ನು ಮುಗಿಸಿದರು. ಸಲಿಲ್ ಚೌಧುರಿ ಮೊದಲಾದವರಿಗೆ ಕೂಲಿಗೆ ನುಡಿಸಿದರು. ನಮ್ಮ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾದರು. ಆ ಕಾಲದಲ್ಲಿ ಅವರು ದುಡಿದ ಚಿತ್ರಗಳು ಸುಮಾರು 200, ಬಹುಪಾಲು ಕನ್ನಡದವು ಎಂಬ ಲೆಕ್ಕವಿದೆ. 1976ರಲ್ಲಿ ತಮಿಳಿನ 'ಅನ್ನಕಿಳಿ' ಬರುವವರೆಗೆ ಕನ್ನಡದ ಕೇಳುಗರಿಗೆ ಅವರ ಬೆರಳು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ಇಳಯರಾಜರ ಕಲೆಯ ಗುಟ್ಟು ಈ ಅನಾಮಧೇಯ ವರ್ಷಗಳಲ್ಲಿದೆ ಎಂದು ನನಗೆ ತೋರುತ್ತದೆ. ಹಾಡುಗಾರನಿಗೆ ರಾಗ ಹೇಳಿಕೊಟ್ಟು, ಉಳಿದುದನ್ನು ವಾದ್ಯದವರು ತುಂಬಿಕೊಳ್ಳಲಿ ಎನ್ನುವ ಸಂಗೀತಗಾರರು ಇದ್ದರು. ಇವರು ಹಾಗೆ ಮಾಡಲಿಲ್ಲ. ಪಿಟೀಲು, ಕೊಳಲು, ಗಿಟಾರು, ಪ್ರತಿಯೊಂದಕ್ಕೂ ಸ್ವರಲಿಪಿಯಲ್ಲಿ ಬರೆದುಕೊಟ್ಟರು. ತಾವು ಕುಳಿತೆದ್ದ ಕುರ್ಚಿಯ ಕಷ್ಟವನ್ನು ಅವರು ಮರೆತಿರಲಿಲ್ಲ. 1983ರ 'ಪಲ್ಲವಿ ಅನುಪಲ್ಲವಿ'ಯ ಹಾಡುಗಳನ್ನು ಮತ್ತೆ ಕೇಳಿ ನೋಡಿ. ಆರ್. ಎನ್. ಜಯಗೋಪಾಲರ ಮಾತು, ಬಾಲಸುಬ್ರಹ್ಮಣ್ಯಂ ಮತ್ತು ಜಾನಕಿಯವರ ಕಂಠ ಎಷ್ಟು ಮುಖ್ಯವೋ ವಾದ್ಯಗಳ ಮಾತೂ ಅಷ್ಟೇ ಮುಖ್ಯ. ಮಂದ್ರದ ಗಿಟಾರು ಬರೀ ತಾಳಕ್ಕೆ ತಲೆಯಾಡಿಸುವುದಿಲ್ಲ. ತನ್ನದೇ ಒಂದು ರಾಗವನ್ನು ಹಿಡಿದು ಪಕ್ಕದಲ್ಲಿ ನಡೆಯುತ್ತದೆ. ಅದೇ ಚಿತ್ರದ ವಾದ್ಯಸಂಗೀತದ ತುಣುಕೊಂದು ಮುಂದೆ ಐಡಿಯಾ ಎಂಬ ದೂರವಾಣಿ ಕಂಪನಿಯ ಜಾಹೀರಾತಾಗಿ ಮನೆಮನೆಯಲ್ಲಿ ಕೇಳಿಸಿತು. ಪಕ್ಕವಾದ್ಯವನ್ನು ಅವರು ಪಕ್ಕದಿಂದ ನಡುಮನೆಗೆ ಕರೆತಂದರು.

ಆದರೆ ಅಂಗಳದಲ್ಲಿ ಬರೆದ ಹೆಸರುಗಳ ಮಾತೇನು? 1986ರ 'ಹೌ ಟು ನೇಮ್ ಇಟ್?' ಎಂಬ ವಾದ್ಯಸಂಗೀತದ ಕೃತಿಯಲ್ಲಿ ಪಿಟೀಲಿನ ವಿ. ಎಸ್. ನರಸಿಂಹನ್ ಅವರನ್ನು ಹೆಸರು ಹಿಡಿದೇ ಕೇಳಿದೆವು. ಸಿನಿಮಾ ಹಾಡುಗಳಲ್ಲಿ ಅವರಿಗಾಗಿ ಗಿಟಾರು ನುಡಿಸಿದ ಸದಾನಂದಂ, ಡ್ರಮ್ಸ್ ನುಡಿಸಿದ ಪುರುಷೋತ್ತಮನ್ ಅವರನ್ನು ಬಲ್ಲವರು ಹುಡುಕಿ ತಿಳಿದುಕೊಂಡವರು ಮಾತ್ರ.

ಇದು ಬರೀ ಕೀರ್ತಿಯ ಪ್ರಶ್ನೆಯಲ್ಲ. 2012ರ ಕಾಪಿರೈಟ್ ತಿದ್ದುಪಡಿ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದ ಹಕ್ಕನ್ನು ಭದ್ರಪಡಿಸಿತು. ತಮಿಳಿನಲ್ಲಿ ಸ್ವತಃ ಹಾಡು ಬರೆದಿರುವ ಇಳಯರಾಜರು ತಮ್ಮ ಪಾಲಿಗಾಗಿ ಗಟ್ಟಿಯಾಗಿ ನಿಂತರು; 2017ರಲ್ಲಿ ಬಾಲಸುಬ್ರಹ್ಮಣ್ಯಂ ಅವರಂಥ ಗೆಳೆಯರಿಗೂ ವಕೀಲರ ನೋಟೀಸು ಹೋಯಿತು. ಹಲವರು ಬೇಸರಪಟ್ಟರು. ನಾನು ಅವರ ಹಕ್ಕನ್ನು ಅಲ್ಲಗಳೆಯಲಾರೆ. ಬೆವರಿಗೆ ಬೆಲೆ ಕೇಳುವುದು ತಪ್ಪಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಚಿತ್ರವೊಂದರಲ್ಲಿ ಒಬ್ಬನ ಕೆಲಸ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಅವನ ಹೆಸರನ್ನು ಎಲ್ಲಿಯೂ ಹಾಕುವ ಪದ್ಧತಿಯಿಲ್ಲದಿದ್ದರೆ, ಅವನನ್ನು ಬಹುಮಟ್ಟಿಗೆ ಕಲಾವಿದನೆಂದೇ ಎಣಿಸಬೇಕಿಲ್ಲ! ಗಿಟಾರಿನವನು ಈ ಮಾತಿಗೆ ಸಿಕ್ಕುವನೋ ಇಲ್ಲವೋ ವಕೀಲರು ವಾದಿಸಲಿ. ಹೆಸರು ಹಾಕದಿರುವ ರೂಢಿಯೇ ಹಕ್ಕು ಕೊಡದಿರುವುದಕ್ಕೆ ಕಾರಣವಾಗಬಹುದೆಂಬುದು ಮಾತ್ರ ಸ್ಪಷ್ಟ. ಅಚ್ಚಿನ ಒಂದು ಸಾಲಿಗೆ ಇಷ್ಟು ತೂಕವಿದೆ.

ಈ ಕುರ್ಚಿಯ ಕಷ್ಟವನ್ನು ಇಳಯರಾಜರಷ್ಟು ಬಲ್ಲವರು ಕಡಿಮೆ. 2018ರಲ್ಲಿ ಪದ್ಮವಿಭೂಷಣರಾದರು, 2022ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2025ರಲ್ಲಿ ಲಂಡನ್ನಿನಲ್ಲಿ ತಮ್ಮ ಸಿಂಫನಿಯನ್ನು ಕೇಳಿಸಿದರು. ತನ್ನ ಪಾಲಿಗಾಗಿ ಎತ್ತಿದ ಆ ದನಿಯನ್ನು ತನ್ನ ಹಳೆಯ ಸಾಲಿನವರಿಗಾಗಿಯೂ ಅಷ್ಟೇ ಗಟ್ಟಿಯಾಗಿ ಎತ್ತಿದ್ದರೆ, ಅವರ ದೊಡ್ಡತನ ಇನ್ನೂ ಒಂದು ಸ್ಥಾಯಿ ಮೇಲೇರುತ್ತಿತ್ತು. ಸಂಗೀತದಲ್ಲಿ ಅವರು ಪಕ್ಕವಾದ್ಯಕ್ಕೆ ಮಾಡಿದ ನ್ಯಾಯ ಪೂರ್ಣವಾದುದು. ಕಾಗದದ ಮೇಲೆ ಅದು ಅರ್ಧಕ್ಕೇ ನಿಂತಿದೆ. ಆ ತಪ್ಪು ಅವರೊಬ್ಬರದಲ್ಲ. ಹೆಸರು ಕೇಳದ ನಮ್ಮದೂ ಹೌದು.

ಮೊನ್ನೆ ಒಂದು ಹಳ್ಳಿಯ ನಾಟಕದ ಕರಪತ್ರ ಕೈಗೆ ಬಂತು. ಅಚ್ಚು ಮಸುಕು, ಕಾಗುಣಿತ ತಪ್ಪು. ಹಾರ್ಮೋನಿಯಂ, ತಬಲಾ, ಕ್ಯಾಸಿಯೋ, ಮೂವರ ಹೆಸರೂ ಊರಿನ ಸಮೇತ ಇತ್ತು. ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ.