ವೈದೃಶ್ಯ ಉಪವಾಕ್ಯದಲ್ಲಿ ಕರ್ಮಣಿಯ ಕೆಲಸ: ಇಂಗ್ಲಿಷಿನ ‘ವೈಲ್’, ಕನ್ನಡದ ‘-ತ್ತಿದ್ದರೆ’

ಇಂಗ್ಲಿಷ್ ಕಲಿಸುವ ವ್ಯಾಕರಣಗಳು ಕರ್ಮಣಿ ಪ್ರಯೋಗವನ್ನು ಪರಿವರ್ತನೆಯ ಅಭ್ಯಾಸವಾಗಿ ಮಾತ್ರ ಪರಿಚಯಿಸುತ್ತವೆ. ಕರ್ತರಿ ವಾಕ್ಯ ಎಡಕ್ಕೆ, ಕರ್ಮಣಿ ವಾಕ್ಯ ಬಲಕ್ಕೆ. ಕನ್ನಡ ಅರ್ಥವೆಂದು ‘ಕಟ್ಟಲ್ಪಡುತ್ತಿತ್ತು’ ಎಂಬಂಥ ರೂಪ ಕೆಳಗೆ. ಇಂಗ್ಲಿಷ್ ಬಲ್ಲವನು ಕರ್ಮಣಿಯನ್ನು ಯಾವಾಗ, ಯಾವ ಅಗತ್ಯಕ್ಕಾಗಿ ಆರಿಸುತ್ತಾನೆಂಬ ಪ್ರಶ್ನೆ ಈ ಕೋಷ್ಟಕದಲ್ಲಿ ಏಳುವುದೇ ಇಲ್ಲ. ಎರಡು ಸ್ಥಿತಿಗಳನ್ನು ಎದುರುಬದುರು ನಿಲ್ಲಿಸುವ ವೈದೃಶ್ಯ ಉಪವಾಕ್ಯವನ್ನು ಮುಂದಿಟ್ಟುಕೊಂಡು ಈ ಪದ್ಧತಿಯನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳನ್ನು ನಾವೇ ರಚಿಸಿದ್ದೇವೆ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಹೆಗ್ಗನಹಳ್ಳಿಯ ಪರಿಸರವನ್ನು ಅವುಗಳಿಗೆ ಆಯ್ದುಕೊಂಡಿರುವುದಕ್ಕೆ ಕಾರಣವಿದೆ: ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಅರ್ಜಿ, ವರದಿ ಬರೆಯಬೇಕಾದವರಿಗೆ ಈ ರಚನೆಗಳು ಎದುರಾಗುವುದು ಇಂಥ ಬಡಾವಣೆಗಳಲ್ಲಿ.

(1) ವೈಲ್ ದ ಪರ್ಮನೆಂಟ್ ವರ್ಕರ್ಸ್ ವರ್ ಬೀಯಿಂಗ್ ಪೇಯ್ಡ್ ಬೈ ದ ಮಂತ್, ದ ಟೈಲರ್ಸ್ ವರ್ ಬೀಯಿಂಗ್ ಪೇಯ್ಡ್ ಬೈ ದ ಪೀಸ್.

(2) ವೈಲ್ ದ ರೋಡ್ ವಾಸ್ ಬೀಯಿಂಗ್ ಡಗ್ ಅಪ್, ದ ಬಸಸ್ ವರ್ ಗೋಯಿಂಗ್ ರೌಂಡ್ ಬೈ ಸುಂಕದಕಟ್ಟೆ.

ಎರಡರಲ್ಲಿಯೂ ಸಂಯೋಜಕ ಒಂದೇ, ಅಧೀನ ವಾಕ್ಯದ ಕ್ರಿಯಾರೂಪವೂ ಒಂದೇ. ಆದರೆ (1)ರಲ್ಲಿ ‘ವೈಲ್’ ಇದ್ದೆಡೆ ‘ವೇರ್‌ಆಸ್’ ಸಲೀಸಾಗಿ ಕೂರುತ್ತದೆ. (2)ರಲ್ಲಿ ಕೂರಿಸಿದರೆ ವಾಕ್ಯ ಹೇಳಬೇಕಾದುದನ್ನು ಹೇಳುವುದಿಲ್ಲ. ‘ವೈಲ್’ ಮೂಲತಃ ಕಾಲವಾಚಿ. ಏಕಕಾಲಿಕತೆಯಿಂದ ವೈದೃಶ್ಯದತ್ತ ಅದರ ಅರ್ಥ ಸರಿದ ಬಗೆಯನ್ನು ಟ್ರಾಗಟ್ ಮತ್ತು ಕೋನಿಗ್ 1991ರಲ್ಲಿ ವಿವರಿಸಿದ್ದಾರೆ. ಭೂತಕಾಲದ ಸಾತತ್ಯರೂಪ ಬಂದಾಗ ಹಳೆಯ ಕಾಲಾರ್ಥ ಪೂರ್ತಿ ಅಳಿಯುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. (1) ಎರಡು ಬಗೆಯ ಸಂಬಳವನ್ನು ಎದುರುಬದುರು ಇಡುವುದರ ಜೊತೆಗೆ, ಎರಡೂ ಒಂದೇ ಅವಧಿಯಲ್ಲಿ, ಒಂದೇ ಸೂರಿನಡಿ ನಡೆಯುತ್ತಿದ್ದವೆಂದು ಸೂಚಿಸುತ್ತದೆ. ಆ ವಾಕ್ಯದ ಆಕ್ಷೇಪಣೆಯ ಬಲವೆಲ್ಲ ಇರುವುದು ಅಲ್ಲಿ.

ಇನ್ನು ಕರ್ಮಣಿ. ಎದುರುಬದುರು ನಿಲ್ಲಬೇಕಾದವರು ಖಾಯಂ ನೌಕರರು ಮತ್ತು ಹೊಲಿಗೆಯವರು. ಇಂಗ್ಲಿಷಿನಲ್ಲಿ ವಾಕ್ಯದ ಆರಂಭಸ್ಥಾನ ಬಹುಮಟ್ಟಿಗೆ ಕರ್ತೃಪದದ್ದು. ಕರ್ತರಿಯಲ್ಲಿ ಹೇಳಹೊರಟರೆ ಎರಡೂ ಕಡೆ ಮಾಲೀಕನೇ ಮೊದಲು ಬರಬೇಕು. ಆಗ ಹೋಲಿಕೆಯ ಎರಡು ತುದಿಗಳು ಕ್ರಿಯಾಪದದ ಹಿಂದೆ ಅಡಗುತ್ತವೆ. ಕರ್ಮಣಿ ಅವರನ್ನು ಮುಂದಕ್ಕೆ ತರುತ್ತದೆ. ಮಾಡಿದವನನ್ನು ಮರೆಮಾಚುವುದೇ ಕರ್ಮಣಿಯ ಗುರಿಯೆಂಬ ಜನಪ್ರಿಯ ವಿವರಣೆ ಇಲ್ಲಿ ಸಾಲದು.

ಕನ್ನಡದಲ್ಲಿ ಆ ಅಗತ್ಯವೇ ಹುಟ್ಟುವುದಿಲ್ಲ.

(3) ಖಾಯಂ ನೌಕರರಿಗೆ ತಿಂಗಳ ಸಂಬಳ ಕೊಡುತ್ತಿದ್ದರೆ, ಹೊಲಿಗೆಯವರಿಗೆ ಪೀಸ್ ಲೆಕ್ಕದಲ್ಲಿ ಕೊಡುತ್ತಿದ್ದರು.

(4) ರಸ್ತೆ ಅಗೆಯುತ್ತಿದ್ದಾಗ ಬಸ್ಸುಗಳು ಸುಂಕದಕಟ್ಟೆ ಕಡೆಯಿಂದ ಸುತ್ತಿ ಬರುತ್ತಿದ್ದವು.

(3)ರಲ್ಲಿ ಹೋಲಿಕೆಯ ಪದಗಳು ಚತುರ್ಥೀ ವಿಭಕ್ತಿಯಲ್ಲಿದ್ದುಕೊಂಡೇ ಮುಂದೆ ನಿಂತಿವೆ, ಕರ್ತೃಪದ ಬಿಟ್ಟುಹೋಗಿದೆ, ಕ್ರಿಯಾಪದ ಕರ್ತರಿಯಲ್ಲಿಯೇ ಇದೆ. ಇನ್ನೂ ಗಮನಾರ್ಹವಾದುದೆಂದರೆ, ಇಂಗ್ಲಿಷ್ ಒಂದೇ ‘ವೈಲ್’ಗೆ ಹೊರಿಸಿದ ಎರಡು ಅರ್ಥಗಳನ್ನು ಕನ್ನಡ ಪ್ರತ್ಯಯದಲ್ಲಿಯೇ ಬೇರ್ಪಡಿಸಿದೆ: ವೈದೃಶ್ಯಕ್ಕೆ ‘-ತ್ತಿದ್ದರೆ’, ಕಾಲಕ್ಕೆ ‘-ತ್ತಿದ್ದಾಗ’. (1) ಮತ್ತು (2)ನ್ನು ಒಂದೇ ಅಚ್ಚಿನ ವಾಕ್ಯಗಳೆಂದು ಕಲಿಸುವ ಅಧ್ಯಾಪಕರು, ವಿದ್ಯಾರ್ಥಿಯ ಭಾಷೆಯಲ್ಲಿ ಆಗಲೇ ಇರುವ ಈ ವಿವೇಕವನ್ನು ಬಳಸದೆ ಬಿಡುತ್ತಾರೆ.

‘-ರೆ’ ಪಕ್ಷಾರ್ಥಕ ಪ್ರತ್ಯಯವಲ್ಲವೆ ಎಂಬ ಆಕ್ಷೇಪ ಸಹಜ. ಹೌದು, ಹಾಗಾಗಿ ಕನ್ನಡಕ್ಕೂ ತನ್ನದೇ ಸಂದಿಗ್ಧತೆ ಇದೆ.

(5) ಮೇಸ್ತ್ರಿ ಸರಿಯಾಗಿ ಕೂಲಿ ಕೊಡುತ್ತಿದ್ದರೆ ಹೆಂಗಸರು ಕೆಲಸ ಬಿಡುತ್ತಿರಲಿಲ್ಲ.

(6) ಗಂಡಸರು ಕೆಲಸ ಬಿಡುತ್ತಿದ್ದರೆ ಹೆಂಗಸರು ಬಿಡುತ್ತಿರಲಿಲ್ಲ.

(5)ರಲ್ಲಿ ಕೂಲಿ ಸರಿಯಾಗಿ ಸಿಗಲಿಲ್ಲ, ಹೆಂಗಸರು ಕೆಲಸ ಬಿಟ್ಟರು. (6)ರಲ್ಲಿ ಗಂಡಸರು ಬಿಟ್ಟರು, ಹೆಂಗಸರು ಬಿಡಲಿಲ್ಲ. ಕ್ರಿಯಾರೂಪಗಳು ಒಂದೇ ಆಗಿದ್ದರೂ, (6)ರಲ್ಲಿ ಗಂಡಸರು–ಹೆಂಗಸರು ಎಂಬ ಜೋಡಿ ಮತ್ತು ‘ಬಿಡು’ ಧಾತುವಿನ ಪುನರಾವೃತ್ತಿ ವೈದೃಶ್ಯವನ್ನು ಖಚಿತಗೊಳಿಸುತ್ತವೆ. ಇಂಗ್ಲಿಷಿನ ‘ಇಫ್’ಗೂ ಇಂಥ ಬಳಕೆ ಇದೆ: ತಂದೆ ಕಠಿಣನಾದರೆ ತಾಯಿ ಮೃದು ಎಂಬರ್ಥದ ವಾಕ್ಯಗಳಲ್ಲಿ ಅದು ಷರತ್ತನ್ನು ಹೇಳುವುದಿಲ್ಲ. (3)ನ್ನು ‘ಇಫ್’ ಬಳಸಿ ಅನುವಾದಿಸಿದ ವಿದ್ಯಾರ್ಥಿಯ ಹಾಳೆಯ ಮೇಲೆ ಕೆಂಪು ಗೆರೆ ಎಳೆಯುವ ಮುನ್ನ ಇದನ್ನು ನೆನೆಯಬೇಕು.

‘-ಅಲ್ಪಡು’ ರೂಪದ ಚರ್ಚೆ ಹಳೆಯದು. ದ್ರಾವಿಡ ಕ್ರಿಯಾಪದಕ್ಕೆ ನಿಜವಾದ ಕರ್ಮಣಿರೂಪವೇ ಇಲ್ಲವೆಂದು ಕಾಲ್ಡ್‌ವೆಲ್ 1856ರಲ್ಲಿಯೇ ನಿರೂಪಿಸಿದ್ದನು. ಸಂಸ್ಕೃತ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವುದನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ಪ್ರಶ್ನಿಸಿದ ಮೇಲೂ ಶಾಲೆಯ ಕೋಷ್ಟಕ ಕದಲಿಲ್ಲ. ಪತ್ರಿಕೆ ಮತ್ತು ಕಚೇರಿಗಳ ಕನ್ನಡದಲ್ಲಿ ನಿಜವಾಗಿ ಬೇರೂರಿರುವುದು ಇನ್ನೊಂದು ರೂಪ: ‘ಒಂದೆಡೆ ರಸ್ತೆಯನ್ನು ಅಗೆಯಲಾಗುತ್ತಿದ್ದರೆ, ಮತ್ತೊಂದೆಡೆ ಗುಂಡಿಗಳನ್ನು ಮುಚ್ಚಲಾಗುತ್ತಿತ್ತು.’ ಇಲ್ಲಿ ಕರ್ಮಪದ ದ್ವಿತೀಯೆಯನ್ನು ಬಿಟ್ಟುಕೊಟ್ಟಿಲ್ಲ, ಕರ್ತೃಸ್ಥಾನಕ್ಕೆ ಏರಿಲ್ಲ. ಆದುದರಿಂದ ಇದನ್ನು ಇಂಗ್ಲಿಷ್ ಕರ್ಮಣಿಯ ಸಮಾನರೂಪವೆನ್ನುವುದು ಸರಿಯಲ್ಲ. ಇದು ಕರ್ತೃವನ್ನು ಕೈಬಿಡುವ ಉಪಾಯ ಮಾತ್ರ. (3)ರ ‘ಕೊಡುತ್ತಿದ್ದರು’ ಎಂಬಲ್ಲಿ ಕೊಡುವ ಮನುಷ್ಯರು ಪ್ರತ್ಯಯದೊಳಗಾದರೂ ಉಳಿದಿದ್ದಾರೆ. ‘ಕೊಡಲಾಗುತ್ತಿತ್ತು’ ಎಂದೊಡನೆ ಅವರೂ ಇಲ್ಲವಾಗುತ್ತಾರೆ. ಸಂಬಳದ ತಕರಾರು ಬರೆಯುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಕನ್ನಡ ಮಾಧ್ಯಮದಿಂದ ಬಂದವರ ಬರವಣಿಗೆಯಲ್ಲಿ ಕಾಣುವ ‘ವೈಲ್ ದ ರೋಡ್ ವಾಸ್ ಡಿಗ್ಗಿಂಗ್’ ಎಂಬ ತಪ್ಪಿಗೂ ಕಾರಣ ಇಲ್ಲಿಯೇ ಇದೆ. (4)ರಲ್ಲಿ ‘ರಸ್ತೆ’ ಕರ್ಮಪದ. ಆದರೆ ಅಚೇತನ ಕರ್ಮಪದಕ್ಕೆ ಆಡುಮಾತಿನಲ್ಲಿ ವಿಭಕ್ತಿ ಪ್ರತ್ಯಯ ಬೇಕಿಲ್ಲ, ಕರ್ತೃಪದವೂ ಇಲ್ಲ. ಮೊದಲು ಕಂಡ ನಾಮಪದವನ್ನು ವಿದ್ಯಾರ್ಥಿ ಇಂಗ್ಲಿಷಿನ ಕರ್ತೃಸ್ಥಾನಕ್ಕೆ ಒಯ್ಯುತ್ತಾನೆ, ಕ್ರಿಯಾಪದವನ್ನು ಇದ್ದಂತೆಯೇ ಬಿಡುತ್ತಾನೆ. ಸ್ವಾರಸ್ಯವೆಂದರೆ, ‘ದ ಹೌಸ್ ವಾಸ್ ಬಿಲ್ಡಿಂಗ್’ ಎಂದರೆ ಮನೆ ಕಟ್ಟಲಾಗುತ್ತಿತ್ತು ಎಂಬ ಅರ್ಥ ಹದಿನೆಂಟನೆಯ ಶತಮಾನದ ಶಿಷ್ಟ ಇಂಗ್ಲಿಷಿನಲ್ಲಿ ಸಾಧುವಾಗಿತ್ತು. ‘ವಾಸ್ ಬೀಯಿಂಗ್ ಬಿಲ್ಟ್’ ಎಂಬ ರೂಪ ನೆಲೆಯೂರಿದ್ದು ಆಮೇಲೆ. 1870ರಲ್ಲಿಯೂ ರಿಚರ್ಡ್ ಗ್ರಾಂಟ್ ವೈಟ್ ಅದರ ವಿರುದ್ಧ ಒಂದು ಅಧ್ಯಾಯವನ್ನೇ ಬರೆದನು.

ಈ ತಪ್ಪನ್ನು ಕೋಷ್ಟಕದ ಅಭ್ಯಾಸ ತಿದ್ದಲಾರದು, ಏಕೆಂದರೆ ವಿದ್ಯಾರ್ಥಿ ಎಡವಿದ್ದು ಕ್ರಿಯಾರೂಪದಲ್ಲಿ ಅಲ್ಲ, ಕರ್ತೃಸ್ಥಾನದಲ್ಲಿ. ಅವನಿಗೆ ಕೊಡಬೇಕಾದ ಮೊದಲ ಅಭ್ಯಾಸ (3) ಮತ್ತು (4)ರಂಥ ಕನ್ನಡ ವಾಕ್ಯಗಳಲ್ಲಿ ಬಿಟ್ಟುಹೋದ ಕರ್ತೃವನ್ನು ಹುಡುಕುವುದು. ‘-ಅಲ್ಪಡು’ ರೂಪವನ್ನು ಆ ಪಾಠದಿಂದ ದೂರವಿಡಬೇಕು. ಹುಡುಕಿ ತೆಗೆದ ಕರ್ತೃವನ್ನು ಇಂಗ್ಲಿಷ್ ವಾಕ್ಯದಲ್ಲಿ ಹೇಳಬೇಕೆ ಬೇಡವೆ ಎಂಬ ನಿರ್ಧಾರ ಅದರ ನಂತರದ್ದು; ‘ವಾಸ್ ಬೀಯಿಂಗ್’ ಬರುವುದು ಆ ನಿರ್ಧಾರದ ಬಳಿಕ.