ನದಿಯ ನಟ್ಟನಡುವೆ ಎಳೆದ ಗೆರೆ

ಕರಾವಳಿಯ ನೀರನ್ನು ದೇಶಗಳ ಗಡಿ ನೋಡದೆ, ಅಲ್ಲಿ ಬದುಕುವ ಜೀವಿಗಳನ್ನು ನೋಡಿ ವಿಂಗಡಿಸಬೇಕೆಂದು ಮಾರ್ಕ್ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2007ರಲ್ಲಿ ಜಗತ್ತಿನ ಕಡಲಂಚನ್ನು 232 ಪರಿಸರ ವಲಯಗಳಾಗಿ ಗುರುತಿಸಿದರು. ಮರುವರ್ಷ ರಾಬಿನ್ ಏಬಲ್ ತಂಡ ಸಿಹಿನೀರಿಗೂ ಅಂಥದೇ ನಕ್ಷೆ ಮಾಡಿತು; ಮುಖ್ಯವಾಗಿ ಮೀನುಗಳ ನೆಲೆಯನ್ನು ಆಧರಿಸಿದ ಅದರಲ್ಲಿ 426 ವಲಯಗಳಿವೆ. ಈ ಕ್ರಮ ಎಷ್ಟು ಸರಿ ಎಂಬುದನ್ನು ಕಡಲಿಲ್ಲದ ಕನಕಪುರ ತಾಲ್ಲೂಕಿನಲ್ಲೂ ಪರೀಕ್ಷಿಸಬಹುದು. ಕೋಡಿಹಳ್ಳಿಯಿಂದ ದಕ್ಷಿಣಕ್ಕೆ ಕಾಡು ಇಳಿದು ಕಾವೇರಿಯನ್ನು ಮುಟ್ಟುವಲ್ಲಿ ನಾವು ನೀರನ್ನು ಕಾಯುತ್ತಿರುವ ರೀತಿ ಇದಕ್ಕೆ ತೀರ ವಿರುದ್ಧವಾದದ್ದು.

ಕಾವೇರಿ ವನ್ಯಜೀವಿಧಾಮ 1987ರಲ್ಲಿ ಘೋಷಣೆಯಾಯಿತು. ಆಮೇಲೆ ವಿಸ್ತಾರಗೊಂಡು ಸಾವಿರ ಚದರ ಕಿಲೋಮೀಟರ್ ಮೀರಿತು. ಅದರ ಎಲ್ಲೆ ಅರಣ್ಯದ ಎಲ್ಲೆ. ಮೇಕೆದಾಟಿನ ಕೆಳಗೆ ನದಿಯೇ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಾಗುವುದರಿಂದ ಗೆರೆ ನೀರಿನ ನಡುವೆಯೇ ಹಾಯುತ್ತದೆ. ಆಚೆ ಬದಿಯಲ್ಲಿ ತಮಿಳುನಾಡಿನ ಕಾವೇರಿ ಉತ್ತರ ಮತ್ತು 2022ರಲ್ಲಿ ಘೋಷಿಸಿದ ಕಾವೇರಿ ದಕ್ಷಿಣ ಎಂಬ ಬೇರೆ ಧಾಮಗಳಿವೆ. ಮೀನಿಗೆ ಮಾತ್ರ ಇದೆಲ್ಲ ಒಂದೇ ಮಡು, ಒಂದೇ ಸೆಳವು. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲದ ಇಲ್ಲಿನ ದೊಡ್ಡ ಬಿಳಿಮೀನು, ಅಂದರೆ ಡುಬ್ಬದ ಮಹಶೀರ್, ಟಾರ್ ರೆಮದೇವಿ ಎಂಬ ಪ್ರಭೇದವೇ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದರ ಅಳಿವು ಉಳಿವು ದಡದ ಕಾವಲಿನಿಂದಷ್ಟೇ ತೀರ್ಮಾನವಾಗುವುದಿಲ್ಲ. ಮೇಲಿನ ಕನ್ನಂಬಾಡಿ ಅಣೆಕಟ್ಟೆಯಿಂದ ಎಷ್ಟು ನೀರು ಬಿಡುತ್ತಾರೆ, ಶಿವನಸಮುದ್ರದಲ್ಲಿ ಹರಿವು ಎಷ್ಟು ಏರಿಳಿಯುತ್ತದೆ ಎಂಬುದೂ ಮುಖ್ಯ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ದಾಟಿ ಅರ್ಕಾವತಿಗೆ ಬರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕಾಡಿನ ಬೇಲಿ ಈ ನೀರನ್ನು ತಡೆಯಲಾರದು.

ಧಾಮದಿಂದ ಏನೂ ಆಗಿಲ್ಲವೇ ಎಂದು ಕೇಳಬಹುದು. ಆಗಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನು ತಡೆಯಲು ಕಾನೂನಿನ ಬಲ ಹೆಚ್ಚಿದ್ದು, ನೀರುನಾಯಿ ಮತ್ತು ಮೊಸಳೆಗಳಿಗೆ ನಿರ್ಭಯದ ದಡ ದೊರೆತದ್ದು ಅದರಿಂದಲೇ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಜಾಗತಿಕ ವಲಯನಕ್ಷೆ ತೀರ ಒರಟು, ಅದರ ಒಂದೊಂದು ವಲಯದಲ್ಲಿ ನೂರಾರು ಕಿಲೋಮೀಟರ್ ನದಿ ಅಡಗುತ್ತದೆ, ಅದನ್ನು ಹಿಡಿದು ಒಬ್ಬ ಅರಣ್ಯಾಧಿಕಾರಿ ಏನು ಮಾಡಿಯಾನು? ಇದು ನಿಜ. ಆ ನಕ್ಷೆಗಳು ಕಾವಲಿಗಾಗಿ ಮಾಡಿದವಲ್ಲ. ಯಾವ ಬಗೆಯ ನೀರು ರಕ್ಷಣೆಯಿಲ್ಲದೆ ಉಳಿದಿದೆ ಎಂದು ತೋರಿಸಲು ಮಾಡಿದವು. ಹಾಗಾಗಿ ದೊಡ್ಡ ವಲಯದೊಳಗೆ ಚಿಕ್ಕವನ್ನು ಗುರುತಿಸಬೇಕು: ಅರ್ಕಾವತಿ ಕೊಳ್ಳ, ಮೀನು ಮೊಟ್ಟೆಯಿಡುವ ಕಲ್ಲುಹಾಸಿನ ಹರಿವು, ಬೇಸಿಗೆಯಲ್ಲಿ ಅದು ತಂಗುವ ಆಳದ ಮಡುಗಳು. ಇಡೀ ಕೊಳ್ಳವನ್ನು ಧಾಮ ಮಾಡಿ ರೇಷ್ಮೆ ಬೆಳೆಯುವ, ದನ ಮೇಯಿಸುವ ಜನರನ್ನು ಎಬ್ಬಿಸುತ್ತಾರೆಂಬ ಭಯಕ್ಕೂ ಇದರಲ್ಲೇ ಉತ್ತರವಿದೆ. ಇಲ್ಲಿ ಬೇಕಾದದ್ದು ಊರಿನವರ ಮೇಲೆ ಹೊಸ ನಿರ್ಬಂಧವಲ್ಲ. ಮೇಲಿನ ನಗರ ತನ್ನ ಕೊಳಚೆಯನ್ನು ಶುದ್ಧಮಾಡಿ ಬಿಡಬೇಕೆಂಬ, ಬೇಸಿಗೆಯಲ್ಲೂ ಹರಿವು ಉಳಿಯಬೇಕೆಂಬ ಕಟ್ಟುಪಾಡು.

ಮೇಕೆದಾಟಿನಲ್ಲಿ ಕಟ್ಟಲು ಉದ್ದೇಶಿಸಿದ ಅಣೆಕಟ್ಟೆಯ ವಾದವೂ ಈವರೆಗೆ ನೀರಿನ ಪಾಲಿನ ಲೆಕ್ಕದಲ್ಲೇ ಹೆಚ್ಚು ನಡೆದಿದೆ. ಹರಿಯುವ ನೀರನ್ನೇ ನಂಬಿದ ಮೀನಿಗೆ ನಿಂತ ನೀರು ಅದೇ ನೆಲೆಯಲ್ಲ. ಎರಡೂ ರಾಜ್ಯಗಳು ಆ ಲೆಕ್ಕ ಮುಂದುವರಿಸುವ ಮೊದಲು ಸಂಗಮದಿಂದ ಹೊಗೇನಕಲ್‌ವರೆಗಿನ ನದಿಯನ್ನು ಒಂದೇ ಪರಿಸರ ಘಟಕವೆಂದು ಒಪ್ಪಿ, ಜಂಟಿಯಾಗಿ ಅದರ ಜೀವನಕ್ಷೆ ತಯಾರಿಸಬೇಕು.